ಅತ್ತೆಯ ಫೋನಿಗೆ ಬಂದ ಲಿಂಕ್

ಫುಸಿಯ ಅಕ್ಕ ಕಲೋಲೈನ್ ಆಕ್ಲೆಂಡ್‌ನಲ್ಲಿ ತೀರಿಕೊಂಡು ಐದು ದಿನವಾಗಿತ್ತು. ಮಣ್ಣು ಮಾಡುವುದು ಅಂದು ಹನ್ನೊಂದಕ್ಕೆ. ಫುಸಿಗೆ ವೀಸಾ ಸಿಕ್ಕಿರಲಿಲ್ಲ. ಟೋಂಗಾದ ತನ್ನ ಮನೆಯಲ್ಲೇ ಕಪ್ಪು ಬಟ್ಟೆ ತೊಟ್ಟು, ನಮ್ಮ ಸೂತಕದ ಪದ್ಧತಿಯಂತೆ ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಂಡು, ಫೋನ್ ಹಿಡಿದು ಕೂತಿದ್ದಳು. ಪಕ್ಕದ ಮನೆಯವಳಾದ ನಾನೂ ಜೊತೆಗಿದ್ದೆ.

ಒಂಬತ್ತಕ್ಕೆ ಒಂದು ಮೆಸೇಜ್ ಬಂತು. ಕಲೋಲೈನ್ ಫೋಟೊ, ಕೆಳಗೆ ‘ಅಂತ್ಯಕ್ರಿಯೆಯ ನೇರಪ್ರಸಾರಕ್ಕೆ ಈ ಆ್ಯಪ್ ಹಾಕಿಕೊಳ್ಳಿ’ ಎಂಬ ಬರಹ, ಒಂದು ಲಿಂಕ್.

“ಲೆಸಿಯೆಲಿ, ಬಾರೇ ಇಲ್ಲಿ. ಇದನ್ನ ಹಾಕ್ಕೊಡು.”

ಲೆಸಿಯೆಲಿ ಫುಸಿಯ ತಮ್ಮನ ಮಗಳು. ಕಂಪ್ಯೂಟರ್ ಓದುತ್ತಾಳೆ, ವಾರಕ್ಕೆ ಎರಡು ದಿನ ಪೇಟೆಯ ಸೈಬರ್ ಭದ್ರತಾ ಕಚೇರಿಯಲ್ಲಿ ಅರೆಕಾಲಿಕ ಕೆಲಸ. ನಮ್ಮಲ್ಲಿ ಸೋದರತ್ತೆಯ ಮಾತಿಗೆ ಎದುರಿಲ್ಲ. ಹುಡುಗಿ ಫೋನ್ ಇಸಿದುಕೊಂಡಳು, ಆದರೆ ಒತ್ತಲಿಲ್ಲ.

“ಅತ್ತೆ, ಇದು ಯಾರ ನಂಬರು?”

“ಸಿಯೋಸಾಯಾಂದೇ ಇರ್ಬೇಕು. ಅಕ್ಕ ಹೆತ್ತ ಮಗ ಕಳಿಸ್ದೆ ಇನ್ಯಾರು ಕಳಿಸ್ತಾರೆ?”

“ಅವನ ನಂಬರಲ್ಲ. ಒಂದು ಗಂಟೆ ಕೊಡಿ, ನಮ್ಮ ಕಚೇರೀಲಿ ತೆಗೆದು ನೋಡ್ತೀನಿ. ಮಿಕ್ಕಿದ್ದರಿಂದ ಬೇರ್ಪಡಿಸಿಟ್ಟ ಕಂಪ್ಯೂಟರ್ ಇದೆ. ಅನುಮಾನದ ಆ್ಯಪನ್ನ ಅದರೊಳಗೆ ಬಿಟ್ಟು, ಏನೇನು ಮಾಡುತ್ತೆ ಅಂತ ಬರ್ಕೋತೀವಿ.”

“ಕಳ್ಳನ್ನ ಕೋಣೇಲಿ ಕೂಡಿಹಾಕಿ ಕಿಂಡೀಲಿ ಇಣುಕಿದ ಹಾಗೆ! ಇದಕ್ಕೂ ಸಂಬಳ ಕೊಡ್ತಾರೇನೇ?” ಅಂದೆ ನಾನು.

“ಕೊಡ್ತಾರೆ ಅಜ್ಜಿ. ಇಣುಕೋಕಲ್ಲ, ಬರ್ಕೊಳ್ಳೋಕೆ.”

ಫುಸಿ ನಗಲಿಲ್ಲ. “ಅಕ್ಕನ ಮುಖ ಕೊನೇ ಸಲ ನೋಡ್ಬೇಕು ನಾನು. ಅದು ತಪ್ಪಿದ್ರೆ ನಿನ್ನ ಮುಖ ನೋಡಲ್ಲ.”

ಲೆಸಿಯೆಲಿ ಮೇಲಧಿಕಾರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದಳು. ಲಿಂಕನ್ನು ಚೀಟಿಯಲ್ಲಿ ಬರೆದುಕೊಂಡು ಹೊರಟಳು.

ಕಾಯುತ್ತಾ ಕೂತಾಗ ಫುಸಿ ಹಳೆಯದನ್ನು ತೆಗೆದಳು. ಮರದ ದಿಮ್ಮಿಯ ಮುಂದೆ ಸಾಲಾಗಿ ಕೂತು ನಾವು ತೊಗಟೆ ಬಡಿದು ಬಟ್ಟೆ ಮಾಡುತ್ತಿದ್ದ ದಿನಗಳು. ರೇಡಿಯೊದಲ್ಲಿ ಸಾವಿನ ಸುದ್ದಿ ಬಂದರೆ ಅಷ್ಟೂ ಕೊಡತಿಗಳು ಮೇಲೆತ್ತಿದಂತೆಯೇ ನಿಲ್ಲುತ್ತಿದ್ದವು.

“ಅಕ್ಕಾನೇ ಮೊದ್ಲು ಹಾಡು ಎತ್ತುತಿದ್ಲು. ಯಾರು ಸತ್ರೂ ಅಷ್ಟೆ, ನಮ್ಮೋರೇ ಅನ್ನೋಳು.”

“ಆ ಸುದ್ದೀನೂ ಸತ್ತೋರ ಮನೆಯೋರೇ ರೇಡಿಯೊ ಕಚೇರಿಗೆ ನಡೆದು ಹೋಗಿ ಕೊಟ್ಟುಬರ್ತಿದ್ರು,” ಅಂದೆ.

ಹತ್ತೂಕಾಲಿಗೆ ಲೆಸಿಯೆಲಿ ಬಂದಳು. “ಅತ್ತೆ, ಅದರಲ್ಲಿ ಅಂತ್ಯಕ್ರಿಯೆ ಇಲ್ಲವೇ ಇಲ್ಲ. ಮೆಸೇಜ್ ಓದೋಕೆ ಅನುಮತಿ ಕೇಳ್ತು, ಆಮೇಲೆ ಫೋನಲ್ಲಿರೋ ಹೆಸರುಗಳನ್ನ ಕೇಳ್ತು. ನಾವು ಸುಳ್ಳು ಹೆಸರು ತುಂಬಿಟ್ಟಿದ್ವಿ. ಅಷ್ಟೂ ಹೆಸರಿಗೆ ಅದೇ ಲಿಂಕ್ ಕಳಿಸೋಕೆ ಶುರು ಮಾಡ್ತು.”

“ಈ ಮುದುಕಿ ಹತ್ರ ಕದಿಯೋಕೆ ಏನಿದೆ?”

“ನಿಮ್ಮ ಹೆಸರಿದೆಯಲ್ಲ! ಇನ್ನೂರು ಜನ ಇದ್ದಾರೆ ಈ ಫೋನಲ್ಲಿ. ಸೋದರತ್ತೆ ಕಳಿಸಿದ್ದು ಅಂದ್ರೆ ಯಾರು ಅನುಮಾನ ಪಡ್ತಾರೆ? ಎಲ್ರೂ ಒತ್ತುತ್ತಾರೆ.”

ಫುಸಿ ಸಿಯೋಸಾಯಾನ ಹಳೇ ನಂಬರಿಗೆ ತಾನೇ ಕರೆ ಮಾಡಿದಳು.

“ನಾನ್ಯಾವ ಲಿಂಕೂ ಕಳಿಸಿಲ್ಲ ಚಿಕ್ಕಮ್ಮ. ಇಲ್ಲಿ ಪ್ರಸಾರಾನೂ ಇಲ್ಲ. ಇರಿ, ನಾನೇ ವಿಡಿಯೊ ಕಾಲ್ ಮಾಡಿ ಹಿಡ್ಕೋತೀನಿ.”

ಹನ್ನೊಂದಕ್ಕೆ ಕಲೋಲೈನ್ ಮುಖ ಕಂಡಿತು. ಅಲ್ಲಿಯ ಹಾಡು ನಮಗೆ ತುಸು ತಡವಾಗಿ ಕೇಳುತ್ತಿತ್ತು. ಫುಸಿ ಅದಕ್ಕೆ ದನಿ ಸೇರಿಸಿದಳು.

ಸಂಜೆ ಇಡೀ ಕುಟುಂಬಕ್ಕೆ ಅವಳ ದನಿಸಂದೇಶ ಹೋಯಿತು: “ಫುಸಿ ಮಾತಾಡ್ತಿರೋದು. ನನ್ನ ಹೆಸರಲ್ಲಿ ಲಿಂಕ್ ಬಂದ್ರೂ ಒತ್ಬೇಡಿ. ಫೋನ್ ಮಾಡಿ ಕೇಳಿ. ಅತ್ತೇನ ಕೇಳಿದ್ರೆ ಮರ್ಯಾದೆಗೆಟ್ಟ ಹಾಗಲ್ಲ. ಇದು ನನ್ನ ಅಪ್ಪಣೆ.”

ಓದುಗರೇ, ದುಃಖದಲ್ಲಿರುವವರ ಬೆರಳು ಬೇಗ ಓಡುತ್ತದೆ. ಮೋಸಗಾರರಿಗೆ ಅದು ಗೊತ್ತು. ನೇರಪ್ರಸಾರ ನೋಡಲು ಹೊಸ ಆ್ಯಪ್ ಬೇಕೆಂದರೆ ನಿಲ್ಲಿ. ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ಕರೆ ಮಾಡಿ. ಈ ವಿದ್ಯೆ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ತೋರಿಸಿ. ನೀವೇ ಮನೆಯ ಹಿರಿಯರಾದರೆ, ಕಿರಿಯರಿಗೆ ಇವತ್ತೇ ಹೇಳಿಬಿಡಿ: ನನ್ನನ್ನೂ ಕೇಳಿಯೇ ನಂಬಿ.