ಹಾಜರಿ ಎರಡು

"ಪಾಸ್ಟರೇ, ನೀವು ನಿವೃತ್ತರಾಗಿ ಎರಡು ವರ್ಷ ಆಯ್ತು, ಚಟ ಮಾತ್ರ ನಿವೃತ್ತಿ ಆಗಿಲ್ಲ ನೋಡಿ. ಕೇಳೋರು ಯಾರೂ ಸಿಗಲಿಲ್ಲ ಅಂತ, ಮಾತು ಬಿದ್ದುಹೋದ ಹೆಂಡತೀನ ಮುಂದೆ ಕೂರಿಸ್ಕೊಂಡು ಪ್ರಸಂಗ ಕೊಯ್ತೀರಂತೆ. ಮರದ ತುಂಡಿನ ಮುಂದೆ ಕೊಯ್ದ್ರೂ ಅಷ್ಟೇ ತಾನೆ?"

ಭಾನುವಾರದ ಆರಾಧನೆ ಮುಗಿದು ಜನ ಇನ್ನೂ ಚರ್ಚಿನ ಅಂಗಳದಲ್ಲೇ ನಿಂತು ಹರಟುತ್ತಿದ್ದರು. ಅಷ್ಟೂ ಜನರ ಮುಂದೆ ನಮ್ಮಪ್ಪನಿಗೆ ಹೀಗೆ ಅಂದವನು ಸಭೆಯ ಕಾರ್ಯದರ್ಶಿ. ಸಭೆಯ ರಬ್ಬರ್ ಸ್ಟ್ಯಾಂಪನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡುವ ಆಸಾಮಿ. ನಾನು ಅವನಿಗೆ ಸೀಲಪ್ಪ ಅಂತಲೇ ಹೆಸರಿಟ್ಟಿದ್ದೆ. ಒಂದಿಬ್ಬರು ನಕ್ಕರು. ನಗದೇ ಇದ್ದವರು ತಮ್ಮ ಕಾಲಿನ ಕಡೆ ನೋಡಿಕೊಂಡರು. ನನಗೆ ಅವರ ಮೇಲೂ ಅಷ್ಟೇ ಸಿಟ್ಟು.

ನಾನು ಅಂಗಿಯ ತೋಳು ಮಡಚಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡ. ಹಿಡಿದುಕೊಂಡೇ ಅವನಿಗೆ ಉತ್ತರ ಕೊಡೋಕೆ ನಿಂತ. ಅದೇ ನನ್ನ ಮೈ ಉರಿಸೋದು. ಮೂವತ್ತೆಂಟು ವರ್ಷ ಪಾಸ್ಟರಾಗಿದ್ದ ಮನುಷ್ಯ. ಯಾರು ಏನೇ ಕೇಳಲಿ, ಕೇಳುವ ಯೋಗ್ಯತೆ ಅವರಿಗಿದೆಯೋ ಇಲ್ಲವೋ ನೋಡದೆ, ಕೈಕಟ್ಟಿ ನಿಂತು ಮೊದಲಿಂದ ಕೊನೆತನಕ ವಿವರಿಸಲೇಬೇಕು.

"ಹಾಗಲ್ಲ ಕಾರ್ಯದರ್ಶಿಗಳೇ. ಅವಳಿಗೆ ಇಲ್ಲಿಗೆ ಬರೋಕೆ ಆಗಲ್ಲ ನೋಡಿ, ಅದಕ್ಕೆ ಮನೇಲೇ..."

"ಮನೇಲೇ ಬೇರೆ ಸಭೆ ಕಟ್ಟಿದ್ರಿ. ಮೇಲಿನ ಕಚೇರಿಯಿಂದ ಕಾಗದ ಬಂದಿದೆ." ಸೀಲಪ್ಪ ಎಲ್ಲರಿಗೂ ಕಾಣುವ ಹಾಗೆ ಕಾಗದ ಬಿಚ್ಚಿ ಹಿಡಿದ. "ಇವತ್ತಿಂದ ನಿಲ್ಲಿಸ್ಬೇಕು. ಇಲ್ದಿದ್ರೆ ನಿವೃತ್ತ ಪಾಸ್ಟರುಗಳ ಪಟ್ಟಿಯಿಂದ ನಿಮ್ಮ ಹೆಸರು ತೆಗೀತಾರೆ. ನಿಲುವಂಗಿ ತಂದು ಒಪ್ಪಿಸ್ಬೇಕು. ಓದ್ಕೊಳ್ಳಿ."

ತಪ್ಪು ಅಪ್ಪನದೇ. ಆದರೆ ಆ ತಪ್ಪನ್ನು ಹಳೇ ಪಾಸ್ಟರೊಬ್ಬನನ್ನು ಬಿಟ್ಟರೆ ಹುಟ್ಟಿದ ಮನುಷ್ಯರಲ್ಲಿ ಬೇರೆ ಯಾರೂ ಮಾಡಲಾರರು.

ಅಪ್ಪ ನಿವೃತ್ತನಾದ ತಿಂಗಳಲ್ಲೇ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದಿದ್ದು ಒಂದೇ ಪದ, "ಬೇಡ". ನೀರು ಬೇಕಾದರೂ ಬೇಡ, ಸಾಕಾದರೂ ಬೇಡ, ನಾನು ಕೆಲಸದಿಂದ ಬಂದರೆ ಮುಖ ಅರಳಿಸಿಕೊಂಡು ಬೇಡ. ಯಾವ ಬೇಡ ಯಾವುದಕ್ಕೆ ಅಂತ ತಿಳಿಯೋಕೆ ನನಗೂ ಅಕ್ಕನಿಗೂ ಆರು ತಿಂಗಳು ಹಿಡಿಯಿತು. ಅಪ್ಪ ಮಾತ್ರ ಮೊದಲ ವಾರದಲ್ಲೇ ಅರ್ಥಮಾಡಿಕೊಂಡಿದ್ದ. ತಲೆ ಬಾಚೋದು, ಊಟ ಮಾಡಿಸೋದು, ಬಚ್ಚಲಿಗೆ ಕರೆದೊಯ್ಯೋದು, ಎಲ್ಲ ಅವನೇ. ನಾವು ಕೈಹಾಕಿದರೆ, "ನಿಮ್ಮ ಸರದಿ ಬರುತ್ತೆ ಕಣ್ರೋ, ತಾಳಿ" ಅನ್ನುತ್ತಿದ್ದ.

ಅವಳನ್ನು ಒಮ್ಮೆ ಚರ್ಚಿಗೂ ಹೊತ್ತುಕೊಂಡು ಹೋಗಿದ್ದೆವು. ಹದಿನೆಂಟು ಮೆಟ್ಟಿಲು. ಒಳಗೆ ಹೊಸ ಪಾಸ್ಟರು ತಂದ ಡ್ರಮ್ಮು, ಗಿಟಾರು, ಗೋಡೆಯಷ್ಟು ದೊಡ್ಡ ಪರದೆ. ಅಮ್ಮ ಎಡಗೈಯಿಂದ ಒಂದು ಕಿವಿ ಮುಚ್ಚಿಕೊಂಡಳು. ಇನ್ನೊಂದನ್ನು ಮುಚ್ಚೋಕೆ ಕೈಯಿರಲಿಲ್ಲ. ಅಪ್ಪ ಆ ಕಿವಿ ಮುಚ್ಚಿ ಕೂತಿದ್ದ, ಮುಗಿಯೋ ತನಕ.

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಅವನು ಬಿಳಿ ನಿಲುವಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಅಮ್ಮನ ಕೋಣೆಗೆ ಬಂದ. ಮೇಜಿನ ಮೇಲೆ ಸ್ಟೂಲು, ಅದರ ಮೇಲೆ ಆರಾಧನೆಯ ಪುಸ್ತಕ. ನಾನು ಅಮ್ಮನ ಕುರ್ಚಿ ಎತ್ತಿ ಕಿಟಕಿ ಪಕ್ಕ ಇಟ್ಟು ಹೊರಟಿದ್ದೆ. "ಎದ್ದು ಹೋಗೋ ಹಾಗಿಲ್ಲ, ಕೂತ್ಕೊ" ಅಂದ. ಆಮೇಲೆ ಆರು ನೂರು ಜನರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ ಶುರುಮಾಡಿದ. ಒಂದು ಸಾಲು ಬಿಡಲಿಲ್ಲ. ಪ್ರಕಟಣೆಗಳನ್ನೂ ಬಿಡಲಿಲ್ಲ. "ಅಡುಗೆಮನೆಯ ನಲ್ಲಿ ಮೂರು ವಾರದಿಂದ ಸೋರುತ್ತಿದೆ. ಸಭೆಯ ಕಿರಿಯ ಸದಸ್ಯರು ದಯವಿಟ್ಟು ಗಮನ ಕೊಡಬೇಕು." ಕಿರಿಯ ಸದಸ್ಯ ಅಂದರೆ ನಾನು. ಅಮ್ಮ ನಕ್ಕಳು.

ಆಮೇಲೆ ಕೀರ್ತನೆ. ನಮ್ಮಪ್ಪನ ಹಾಡಿನ ಬಗ್ಗೆ ಹೇಳಬೇಕು. ದೇವರು ಅವನಿಗೆ ಎಲ್ಲ ಕೊಟ್ಟ, ಕಿವಿಯೊಂದನ್ನು ಕೊಡೋದು ಮರೆತ. ಮೂವತ್ತೆಂಟು ವರ್ಷವೂ ಅಮ್ಮ ಮೊದಲ ಸಾಲಿನಲ್ಲಿ ಕೂತು, ಅವನು ದಾರಿ ತಪ್ಪಿದ ಕಡೆಯಲ್ಲೆಲ್ಲ ರಾಗವನ್ನು ಕುತ್ತಿಗೆ ಹಿಡಿದು ವಾಪಸ್ ತರುತ್ತಿದ್ದಳು. ಅವತ್ತೂ ಮೂರನೇ ಸಾಲಿಗೆ ಅಪ್ಪ ಜಾರಿದ. ಜಾರಿದ್ದೇ ತಡ, ಕಿಟಕಿ ಪಕ್ಕದಿಂದ ದನಿ ಬಂತು. ಸಣ್ಣದು, ತುಕ್ಕು ಹಿಡಿದದ್ದು. ಆದರೆ ರಾಗ ಸರಿ, ಪದಗಳೂ ಸರಿ. ಪೂರ್ತಿ ಪದಗಳು! ನಾಲ್ಕು ಚರಣ ಹಾಡಿದಳು. ನಾನು ಗೋಡೆ ಕಡೆ ತಿರುಗಿಕೊಂಡೆ. ಅಪ್ಪ ಮಾತ್ರ ಏನೂ ಆಗದವನ ಹಾಗೆ ಪುಟ ತಿರುವಿ ಪ್ರಸಂಗಕ್ಕೆ ಹೋದ.

ವಾರದ ದಿನ ಹಾಡಿದರೆ ಅವಳು ಹಾಡುತ್ತಿರಲಿಲ್ಲ. ನಡುವಿನಿಂದ ಶುರುಮಾಡಿದರೂ ಇಲ್ಲ. ನಾನು ಮೋಟಾರು ವೈಂಡಿಂಗ್ ಮಾಡುವವನು. ಸುಟ್ಟ ಮೋಟಾರಿನ ತಂತಿ ಬಿಚ್ಚಬೇಕಾದರೆ ಮೊದಲು ತುದಿ ಸಿಗಬೇಕು, ನಡುವೆ ಎಲ್ಲಿ ಎಳೆದರೂ ಗಂಟಾಗುತ್ತೆ. ಅಮ್ಮನಿಗೆ ಆ ತುದಿ ಅಂದರೆ ನಿಲುವಂಗಿ, ನಿಂತ ಅಪ್ಪ, ಮೊದಲ ಪುಟ. ಅಲ್ಲಿಂದ ಶುರುವಾದರೆ, ಪಾಸ್ಟರು ಓದುವ ಸಾಲಿಗೆ ಸಭೆ ಹೇಳಬೇಕಾದ ಉತ್ತರಗಳನ್ನೂ ಒಂದೊಂದಾಗಿ ಹೇಳುತ್ತಿದ್ದಳು. ಕೊನೆಯ ಆಶೀರ್ವಾದ ಮುಗಿದರೆ ಮತ್ತೆ ಬೇಡ. ವಾರಕ್ಕೆ ಒಂದು ಗಂಟೆ ಅವಳಿಗೆ ಬಾಯಿ ಬರುತ್ತಿತ್ತು.

ಇನ್ನು ಆ ತಪ್ಪು. ಮೊದಲ ದಿನ ಆರಾಧನೆ ಮುಗಿಸಿ ಅಪ್ಪ ನೋಟುಪುಸ್ತಕ ತೆಗೆದು ಬರೆದ: ತಾರೀಖು, ಓದಿದ ಭಾಗ, ಕೀರ್ತನೆಯ ಸಂಖ್ಯೆ, ಹಾಜರಿ ಎರಡು. ಪಾಸ್ಟರು ತನ್ನನ್ನು ಲೆಕ್ಕಕ್ಕೆ ಸೇರಿಸಿಕೊಳ್ಳೋ ಹಾಗಿಲ್ಲವಂತೆ. ತಿಂಗಳ ಕೊನೆಗೆ, ಮೂವತ್ತೆಂಟು ವರ್ಷ ಮಾಡಿದ ಹಾಗೇ, ವರದಿ ಬರೆದು ಲಕೋಟೆಗೆ ಹಾಕಿ ಮೇಲಿನ ಕಚೇರಿಗೆ ಅಂಚೆಗೆ ಹಾಕಿದ! ಕೈ ತಾನಾಗೇ ಮಾಡಿತು. ತಿಂಗಳು ತಿಂಗಳು ಮಾಡಿತು. ಆಮೇಲೆ ಮೇಲಿನ ಮನೆಯ ಮಂಡಿನೋವಿನ ಬಸ್ ಡ್ರೈವರು ಬರೋಕೆ ಶುರುಮಾಡಿದ. ಎದುರುಮನೆ ಟೈಲರ್ ಅಕ್ಕ, ಅವಳ ಅತ್ತೆ ಬಂದರು. ಹಾಜರಿ ಐದು. ಕಚೇರಿಯವರು ತಲೆ ಕೆರೆದುಕೊಂಡರು: ಇದ್ಯಾವ ಸಭೆ, ನಮ್ಮ ಪಟ್ಟಿಯಲ್ಲೇ ಇಲ್ಲದ್ದು, ಎರಡರಿಂದ ಐದಕ್ಕೆ ಬೆಳೆದದ್ದು?

"ಅಪ್ಪಾ, ನೀನೇ ನಿನ್ನ ಮೇಲೆ ಚಾಡಿ ಬರೆದು ಕಳಿಸಿದ್ಯಲ್ಲ," ಅಂದೆ, ಅಂಗಳದಿಂದ ಮನೆಗೆ ಬಂದಮೇಲೆ.

"ಹೌದು ಕಣೋ," ಅಂದ. ನಿಲುವಂಗಿ ಮಡಚಿ ಬೀರುವಿಗೆ ಇಟ್ಟು ಬಾಗಿಲು ಹಾಕಿದ.

"ಏನು ಮಾಡ್ತಿದೀಯ?"

"ನಿಲ್ಲಿಸು ಅಂದಿದಾರೆ. ನಿಲ್ಲಿಸ್ತಿದೀನಿ."

"ಯಾರು ಅವರು? ಅವನ್ಯಾವನು ಸೀಲಪ್ಪ? ನೀನು ಚರ್ಚಿನ ಸೂರು ರಿಪೇರಿ ಮಾಡಿಸ್ತಿದ್ದಾಗ ಅವನು ಚಡ್ಡಿ ಹಾಕ್ಕೊಂಡು ಸಂಡೇ ಸ್ಕೂಲಲ್ಲಿ ಮೂಗು ಸುರಿಸ್ತಿದ್ದ. ಅಲ್ಲಿ ಪಾಠ ಹೇಳ್ತಿದ್ದ ಅಮ್ಮನೇ ಒರೆಸ್ತಿದ್ಲು!"

"ನಾನು ಹೇಳಿದ್ದನ್ನ ಜನ ಅಷ್ಟು ವರ್ಷ ಕೇಳಿದಾರೆ. ಈಗ ನನಗೆ ಹೇಳಿದ್ದನ್ನ ನಾನು ಕೇಳದೆ ಹೋದ್ರೆ, ಅಷ್ಟೂ ವರ್ಷದ ಮಾತು ಸುಳ್ಳಾಗುತ್ತೆ."

"ಅಮ್ಮನಿಗೆ ಏನು ಹೇಳ್ತೀಯ?"

ಅವನು ಬೀರುವಿನ ಬಾಗಿಲನ್ನು ಇನ್ನೊಮ್ಮೆ ಒತ್ತಿ ನೋಡಿದ.

ಹನ್ನೊಂದು ಹೊಡೆಯಿತು. ಅಮ್ಮ ಕಿಟಕಿ ಪಕ್ಕ ಬಾಗಿಲು ನೋಡುತ್ತ ಕೂತಿದ್ದಳು. ಅಪ್ಪ ಅಂಗಿ ಪಂಚೆಯಲ್ಲೇ ಹೋಗಿ ಪಕ್ಕದಲ್ಲಿ ಕೂತು ಮೆಲ್ಲಗೆ ಕೀರ್ತನೆ ಹೇಳಿದ. ಬೇಕಂತಲೇ ಮೂರನೇ ಸಾಲಿಗೆ ತಪ್ಪಿದ. ಏನೂ ಇಲ್ಲ. ಅಮ್ಮ ಎಡಗೈಯಿಂದ ಬೀರು ತೋರಿಸಿದಳು. ಮತ್ತೆ ತೋರಿಸಿದಳು. ಕೊನೆಗೆ ಗೋಡೆ ಕಡೆ ಮುಖ ಮಾಡಿದಳು. ಅವತ್ತು ಊಟಕ್ಕೆ "ಬೇಡ" ಅಂದದ್ದು ನಿಜವಾದ ಬೇಡ. ಅಪ್ಪ ಅಡುಗೆಮನೆಯಲ್ಲಿ ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತಿದ್ದ.

ಸೋಮವಾರ ನಾನು ಅಂಗಡಿಗೆ ಹೋಗಲಿಲ್ಲ. ಕೈಗೆ ಮಸಿ ಇಲ್ಲದೆ ಯಾರ ಮನೆಗೂ ಹೋಗಿ ಗೊತ್ತಿಲ್ಲದವನು ಸೀದಾ ಹೊಸ ಪಾಸ್ಟರ ಮನೆ ಬಾಗಿಲು ಬಡಿದೆ. ನನಗಿಂತ ಮೂರು ವರ್ಷ ದೊಡ್ಡವರು ಅಷ್ಟೇ. ಗಿಟಾರಿಗೆ ತಂತಿ ಕಟ್ಟುತ್ತಿದ್ದರು. ಬೈಯಬೇಕು ಅಂತಲೇ ಹೋದವನು, ಬೈಯುತ್ತ ಬೈಯುತ್ತ ಎಲ್ಲ ಹೇಳಿಬಿಟ್ಟೆ. ಬೀರು ತೋರಿಸಿದ ಕೈಯ ತನಕ. ಅವರು ತಂತಿ ಕೆಳಗಿಟ್ಟರು.

"ಬರೋ ಭಾನುವಾರ ನಾನು ಬರ್ತೀನಿ. ಕಾರ್ಯದರ್ಶಿಗಳನ್ನೂ ಕರ್ಕೊಂಡು ಬರ್ತೀನಿ. ನಮ್ಮ ಸಭೆಯ ಮಂಡಳಿ ಕಣ್ಣಾರೆ ನೋಡಿ ತೀರ್ಮಾನ ಮಾಡ್ಲಿ. ಆ ಒಂದು ದಿನಕ್ಕೆ ನನ್ನ ಅಪ್ಪಣೆ ಇದೆ ಅಂತ ಅಪ್ಪನಿಗೆ ಹೇಳು."

"ಸೀಲಪ್ಪ ಒಪ್ಪಲ್ಲ."

"ಯಾರು?"

"ಕಾರ್ಯದರ್ಶಿಗಳು."

ಅವರು ನಗು ತಡೆದುಕೊಂಡರು. "ಒಪ್ಪಿಸ್ತೀನಿ. ಅಲ್ಲೀತನಕ ನೀನು ಯಾರಿಗೂ ಹೊಡೀಬೇಡ."

ಭಾನುವಾರ ಕೋಣೆಯಲ್ಲಿ ಜಾಗ ಸಾಲಲಿಲ್ಲ. ಹೊಸ ಪಾಸ್ಟರು, ಸೀಲಪ್ಪ, ಮಂಡಳಿಯ ಇನ್ನಿಬ್ಬರು ಮಂಚದ ಮೇಲೆ. ಬಸ್ ಡ್ರೈವರು ಬಾಗಿಲಲ್ಲಿ, ಟೈಲರ್ ಅಕ್ಕ ಮತ್ತು ಅತ್ತೆ ನೆಲದ ಮೇಲೆ, ಗಂಡನ ಮನೆಯಿಂದ ಬಂದಿದ್ದ ನಮ್ಮಕ್ಕ ಅಮ್ಮನ ಹಿಂದೆ. ಅಪ್ಪ ನಿಲುವಂಗಿ ಹಾಕಿ ಬಂದ. ಅಮ್ಮನ ಬೆನ್ನು ನೆಟ್ಟಗಾಯಿತು.

ಆದರೆ ಬಾಯಿ ತೆರೆಯಲಿಲ್ಲ. ಸಭೆ ಹೇಳಬೇಕಾದ ಮೊದಲ ಉತ್ತರ ನಾವು ಹೇಳಿದೆವು, ಅವಳು ಹೇಳಲಿಲ್ಲ. ಎರಡನೆಯದೂ ಇಲ್ಲ. ಹೊಸ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದಳು. ಇಲ್ಲಿ ಹೋದರೆ ನಿಲುವಂಗಿ ಹೋಯಿತು, ನಿಲುವಂಗಿ ಹೋದರೆ ಅವಳ ಬಾಯಿ ಹೋಯಿತು. ಅಪ್ಪ ಪ್ರಕಟಣೆಗಳಿಗೆ ಬಂದ. "ಮಂಡಳಿಯ ಹಿರಿಯರು ಇಂದು ನಮ್ಮ ನಡುವೆ ಇದ್ದಾರೆ, ಅವರಿಗೆ ಸ್ವಾಗತ. ನಲ್ಲಿ ಇನ್ನೂ ಸೋರುತ್ತಿದೆ." ಡ್ರೈವರು ಕಿಸಕ್ಕನೆ ನಕ್ಕ. ಅಮ್ಮ ನಗಲಿಲ್ಲ.

ಕೀರ್ತನೆ ಶುರುವಾಯಿತು. ಒಂದನೇ ಚರಣದ ಎರಡು ಸಾಲು ಮುಗಿಯಿತು. ಆ ಮೂರನೇ ಸಾಲಿನಲ್ಲಿ ಅಪ್ಪ ಎಂದಿನ ಹಾಗೇ ಜಾರಿದ, ಪೂರ್ತಿ ಹಳ್ಳಕ್ಕೆ ಬಿದ್ದ. ಅಮ್ಮನ ತುಟಿ ಅಲುಗಿ ಸುಮ್ಮನಾಯಿತು. ಸೀಲಪ್ಪ ಗಡಿಯಾರ ನೋಡಿಕೊಂಡ. "ಪಾಪ, ಪ್ರಯತ್ನ ಪಟ್ರಿ," ಅಂತ ಹಾಡಿನ ನಡುವೆಯೇ ಎದ್ದು ನಿಂತ. "ಸಾಕು ಬಿಡಿ ಪಾಸ್ಟರೇ. ನಾವು ನೋಡಿದ್ವಿ."

ನಾನೂ ಎದ್ದೆ. ಹೊಸ ಪಾಸ್ಟರಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿದಿತ್ತು.

"ಕೂತ್ಕೊ."

ಯಾರು ಅಂದದ್ದು ಅಂತ ಎಲ್ಲರೂ ಎಲ್ಲರ ಮುಖ ನೋಡಿದರು. ಅಮ್ಮ ಎಡಗೈ ಎತ್ತಿ ಸೀಲಪ್ಪನ ಕಡೆ ಬೆರಳು ಮಾಡಿದ್ದಳು. ಸಂಡೇ ಸ್ಕೂಲಿನ ಟೀಚರಮ್ಮನ ಬೆರಳು ಅದು. ಪುಸ್ತಕದಲ್ಲಿರೋ ಪದವಲ್ಲ, ಹಾಡಿನ ಪದವಲ್ಲ. ಎರಡು ವರ್ಷದಲ್ಲಿ, ಬೇಡ ಒಂದನ್ನು ಬಿಟ್ಟರೆ, ಅವಳು ತಾನಾಗೇ ಆಡಿದ ಮೊದಲ ಮಾತು.

"ಕೂತ್ಕೊ," ಅಂದಳು ಮತ್ತೆ, ಇನ್ನೂ ಜೋರಾಗಿ.

ಸೀಲಪ್ಪ ಕೂತ. ಮಂಡಿ ಮೇಲೆ ಎರಡೂ ಕೈ ಇಟ್ಟುಕೊಂಡು, ಎಂಟು ವರ್ಷದ ಹುಡುಗನ ಹಾಗೆ ಕೂತ. ನನಗೆ ಹೇಳಲಿಲ್ಲ, ಆದರೂ ನಾನೂ ಕೂತೆ.

ಅಮ್ಮ ಅಪ್ಪನ ಕಡೆ ತಿರುಗಿದಳು. ಅವನು ತಪ್ಪಿದ ಸಾಲಿನಿಂದಲೇ ಎತ್ತಿಕೊಂಡಳು. ಎರಡನೇ ಚರಣಕ್ಕೆ ಟೈಲರ್ ಅಕ್ಕ ಸೇರಿದಳು, ಮೂರಕ್ಕೆ ಡ್ರೈವರ ಗೊಗ್ಗರು ದನಿ, ನಾಲ್ಕಕ್ಕೆ ಕೋಣೆಯೆಲ್ಲ. ಹೊಸ ಪಾಸ್ಟರು ಕಣ್ಣು ಒರೆಸಿಕೊಳ್ಳುತ್ತ ಹಾಡಿದರು. ಡ್ರಮ್ಮಿಲ್ಲ, ಗಿಟಾರಿಲ್ಲ, ಆದರೂ ಕಿಟಕಿ ಗಾಜು ಗುಂಯ್ ಅಂದಿತು. ರಸ್ತೆಯಲ್ಲಿ ಹೋಗುವವರು ನಿಂತು ಕತ್ತೆತ್ತಿ ನೋಡಿದರು. ಅಪ್ಪ ಮಾತ್ರ ಹಾಡೋದು ನಿಲ್ಲಿಸಿ ಅವಳನ್ನೇ ನೋಡುತ್ತ ನಿಂತಿದ್ದ, ಇವತ್ತೇ ಮದುವೆಯಾದವನ ಹಾಗೆ.

ಆಶೀರ್ವಾದ ಮುಗಿದು ಎಲ್ಲರೂ ಹೊರಗೆ ಬಂದರು. ಮೆಟ್ಟಿಲ ಹತ್ತಿರ, ರಸ್ತೆಯ ಜನರೂ ಕೇಳುವ ಹಾಗೆ ಹೊಸ ಪಾಸ್ಟರು ಅಂದರು: "ಅಯ್ಯನವರೇ, ನಿಲುವಂಗಿ ನಿಮ್ಮದೇ. ಇದು ಒಂದು ವಾರವೂ ನಿಲ್ಲಬಾರದು. ಮೇಲಕ್ಕೆ ನಾನೇ ಬರೀತೀನಿ." ಮಂಡಳಿಯ ಇನ್ನಿಬ್ಬರೂ ತಲೆ ಆಡಿಸಿದರು. ಡ್ರೈವರು ಮಂಡಿನೋವು ಮರೆತು ನನ್ನ ಬೆನ್ನಿಗೆ ಗುದ್ದಿದ.

ಸೀಲಪ್ಪನಿಗೆ ಸುಮ್ಮನೆ ಹೋಗೋಕೆ ಆಗಲಿಲ್ಲ. ಇಷ್ಟು ಜನರ ಮುಂದೆ ಕೂತವನಿಗೆ, ಇಷ್ಟೇ ಜನರ ಮುಂದೆ ಎದ್ದು ನಿಲ್ಲಬೇಕಿತ್ತು. "ಅದೆಲ್ಲ ಸರಿ. ಆದ್ರೆ ಮೊದಲನೇ ದಿನ ಯಾರ ಅಪ್ಪಣೆ ಕೇಳಿ ಶುರುಮಾಡಿದ್ರಿ ಪಾಸ್ಟರೇ? ಅದಕ್ಕೆ ಉತ್ತರ ಕೊಡಿ. ಎಲ್ಲರ ಮುಂದೆ ಕೇಳ್ತಿದೀನಿ."

ಅಪ್ಪ ಅಭ್ಯಾಸಬಲದಿಂದ ಕೈ ಕಟ್ಟಿದ. ಬಾಯಿ ತೆರೆದ. ಬಂತು ವಿವರಣೆ ಅಂತ ನಾನು ಹಲ್ಲು ಕಚ್ಚಿದೆ.

ಒಳಗಿನಿಂದ ಅಮ್ಮನ ದನಿ ಬಂತು. ಆರಾಧನೆ ಮುಗಿದಿತ್ತು, ಪುಸ್ತಕ ಮುಚ್ಚಿತ್ತು, ಎದುರಿಗೆ ಯಾರೂ ನಿಂತಿರಲಿಲ್ಲ. ಅವಳು ತನ್ನಷ್ಟಕ್ಕೆ, ಯಾವುದೋ ಬೇರೆ ಹಾಡನ್ನು, ನಡುವಿನಿಂದಲೇ ಹಾಡುತ್ತಿದ್ದಳು.

ಅಪ್ಪ ಬಾಯಿ ಮುಚ್ಚಿದ. ಕಟ್ಟಿದ ಕೈ ಬಿಚ್ಚಿದ. ಸೀಲಪ್ಪ ಕಾಯುತ್ತಿದ್ದ, ಜನ ಕಾಯುತ್ತಿದ್ದರು. ಅಪ್ಪ ನಿಲುವಂಗಿಯ ಅಂಚು ಒಂದಿಷ್ಟು ಮೇಲೆತ್ತಿಕೊಂಡು, ತಿರುಗಿ, ಅವಳಿದ್ದ ಕಡೆಗೆ ನಡೆದುಹೋದ.