ಕುತ್ತಿಗೆಯ ಮೇಲಿನ ಹುಳುಕಡ್ಡಿ

ಶಾಂತಿ ಬೆಳಿಗ್ಗೆ ಮಗಳ ತಲೆ ಬಾಚುವಾಗ ಕೂದಲನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದಳೆಂದರೆ ರಮ್ಯಳ ಹುಬ್ಬುಗಳೇ ಮೇಲಕ್ಕೇರುತ್ತಿದ್ದವು. "ಅವ್ವ, ಮೆಲ್ಲುಕ್ಕೆ" ಎಂದರೆ, "ಸಡ್ಲ ಬುಟ್ರೆ ಮ್ಯಾಟ್ ಮೇಲೆ ಬಿಚ್ಚೋಯ್ತದೆ ಕಣಮ್ಮಿ, ಸುಮ್ನಿರು" ಎನ್ನುವಳು. ಗುಂಡ್ಲುಪೇಟೆಯ ಆ ಎರಡು ಕೋಣೆಯ ಮನೆಯಲ್ಲಿ ದಿನ ಶುರುವಾಗುತ್ತಿದ್ದುದೇ ಹೀಗೆ. ಗಂಡ ಮಾದೇಶ್ ತರಕಾರಿ ತುಂಬಿದ ಗಾಡಿ ತೆಗೆದುಕೊಂಡು ಸುಲ್ತಾನ್ ಬತ್ತೇರಿಯ ಕಡೆಗೆ ಹೊರಟಿರುತ್ತಿದ್ದ. ಶಾಂತಿ ಗಾರ್ಮೆಂಟ್ಸಿನ ಬಸ್ಸು ಹಿಡಿಯಬೇಕು. ಅದಕ್ಕೂ ಮುಂಚೆ, ಎಂಟನೇ ತರಗತಿಯ ಮಗಳನ್ನು ನಂಜುಂಡಪ್ಪ ಮೇಷ್ಟ್ರ ಕುಸ್ತಿ ಶೆಡ್ಡಿಗೆ ಕಳಿಸಬೇಕು.

ಆ ದಿನ ಜಡೆ ಎತ್ತಿ ಕಟ್ಟಿದಾಗ ಕುತ್ತಿಗೆಯ ಹಿಂದೆ ದುಂಡಗಿನ ಕೆಂಪು ಕಲೆಯೊಂದು ಕಂಡಿತು. ಅಂಚು ಉಬ್ಬಿತ್ತು, ನಡುವೆ ಚರ್ಮ ತಿಳಿಯಾಗಿತ್ತು.

"ಹುಳುಕಡ್ಡಿ ಅಲ್ವಾ ಇದು? ಯಾವಾಗಿಂದ ಅದೆ?"

"ಕ್ಯಾಂಪಿಂದ ಬಂದ್ಮೇಲೆ. ಬೆವ್ರು ಬಂದ್ರೆ ಕಡಿತದೆ" ಎಂದಳು ರಮ್ಯ.

ಬೇಸಿಗೆ ರಜೆಯಲ್ಲಿ ಚಾಮರಾಜನಗರದಲ್ಲಿ ನಡೆದ ತರಬೇತಿ ಕ್ಯಾಂಪಿನ ಮಾತದು. ಹುಡುಗಿಯರೆಲ್ಲ ಒಂದೇ ಹಾಲಿನಲ್ಲಿ ಮಲಗಿ, ಕೈಗೆ ಸಿಕ್ಕಿದ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡಿದ್ದರು. ಯಾವಳೋ ಒಬ್ಬಳ ಮೈಮೇಲೆ ಇದ್ದದ್ದು ತನ್ನ ಮಗಳಿಗೆ ಹತ್ತಿದೆ ಎಂದು ಗೊತ್ತಾಗಿ ಶಾಂತಿಗೆ ಸಿಟ್ಟು ಉಕ್ಕಿತು. "ಗೊತ್ತಿದ್ದೂ ಅಂಗೇ ಕಳಿಸ್ಬುಟ್ಟವ್ಳಲ್ಲ, ಎಂಥಾ ತಾಯಿ ಇರ್ಬೇಕು ಅವ್ಳು! ಅವ್ಳ ಕೈ ಸೇದೋಗ" ಎಂದು ಶಪಿಸಿದಳು.

ಆದರೆ ಕಲೆಯ ವಿಷಯ ಮನೆಯಿಂದಾಚೆ ಹೋಗಬಾರದೆಂದೂ ಅವಳಿಗೆ ಅನ್ನಿಸಿತು. ಅದಕ್ಕೆ ಕಾರಣವಿತ್ತು. ರಮ್ಯ ಕುಸ್ತಿಗೆ ಸೇರಿದಾಗ ಚಂದಕವಾಡಿಯಲ್ಲಿದ್ದ ಅತ್ತೆ ರಾಚಮ್ಮ, "ಎಣ್ಮಗ ಚೆಡ್ಡಿ ಆಕ್ಕಂಡು ನಾಕು ಜನದ ಮುಂದೆ ಉಳ್ಳಾಡದಾ? ನಾಳೆ ಮೈಕೈಗೇನಾರ ಆದ್ರೆ ಯಾರು ಮದ್ವೆ ಆಯ್ತಾರೆ?" ಎಂದು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು. ನೆಂಟರೂ ಅದನ್ನೇ ಹೇಳಿದ್ದರು. ಹೋದ ವರ್ಷ ಹುಡುಗಿ ಕಂಚಿನ ಪದಕ ತಂದ ಮೇಲೆ ಆ ಬಾಯಿಗಳು ಮುಚ್ಚಿದ್ದವು. ಈಗ ಚರ್ಮದ ಕಾಯಿಲೆ ಅಂದರೆ ಮತ್ತೆ ತೆರೆಯುತ್ತವೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಸ್ಟೋರಿನವನು ಕೇಳಿದ ಕೂಡಲೇ ಒಂದು ಟ್ಯೂಬು ಕೊಟ್ಟ. ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿದು, ಕಡಿತ ನಿಂತಿತು. ಶಾಂತಿ ನೆಮ್ಮದಿಯಿಂದ ಹಚ್ಚುವುದನ್ನು ಬಿಟ್ಟಳು. ಬಿಟ್ಟಮೇಲೆ ಕಲೆ ಮೊದಲಿಗಿಂತ ದೊಡ್ಡದಾಗಿ ಬಂತು. ಮತ್ತೆ ಹಚ್ಚಿದಳು, ಮತ್ತೆ ಇಳಿಯಿತು. ಶಾಲೆ ಶುರುವಾಗಿ ಮಳೆಗಾಲ ಹಿಡಿಯುವಷ್ಟರಲ್ಲಿ ಭುಜದ ಮೇಲೂ ಒಂದು ಎದ್ದಿತ್ತು. ಅಷ್ಟು ದಿನವೂ ರಮ್ಯ ಒಂದು ದಿನ ತಪ್ಪಿಸದೆ ಶೆಡ್ಡಿಗೆ ಹೋಗಿದ್ದಳು.

ಕೊನೆಗೆ ಮಗಳು ನಿದ್ದೆಯಲ್ಲೂ ಪರಚಿಕೊಳ್ಳತೊಡಗಿದಾಗ ಶಾಂತಿ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಟ್ಯೂಬನ್ನು ಕೈಗೆ ತೆಗೆದುಕೊಂಡು ನೋಡಿ ತಲೆಯಲ್ಲಾಡಿಸಿದರು.

"ಇದರಲ್ಲಿ ಸ್ಟೀರಾಯ್ಡ್ ಇದೆ. ಮೇಲ್ನೋಟಕ್ಕೆ ವಾಸಿಯಾದ ಹಾಗೆ ಕಾಣುತ್ತೆ, ಒಳಗೆ ಹುಳುಕಡ್ಡಿ ಬೆಳೀತಾನೇ ಇರುತ್ತೆ. ಇದನ್ನ ಇವತ್ತೇ ನಿಲ್ಲಿಸಿ. ನಾನು ಬರೆದುಕೊಡೋ ಮಾತ್ರೆ, ಮುಲಾಮು ಮಧ್ಯೆ ಬಿಡದೆ ತಗೋಬೇಕು. ಟವೆಲ್ಲು, ಬಟ್ಟೆ, ಬಾಚಣಿಗೆ ಬೇರೆ ಇಡಿ. ಬಿಸಿನೀರಲ್ಲಿ ಒಗೀರಿ. ಕಲೆ ಪೂರ್ತಿ ಒಣಗೋವರೆಗೂ ಮ್ಯಾಟ್ ಮೇಲೆ ಕಾಲಿಡೋ ಹಾಗಿಲ್ಲ."

"ಬರೋ ಭಾನ್ವಾರ ಜಿಲ್ಲಾ ಮಟ್ಟದ್ದು ಅದೆ ಮೇಡಮ್ಮೋರೆ. ಗೆದ್ರೆ ಸ್ಟೇಟಿಗೆ ಓಯ್ತಾಳೆ."

"ಅಮ್ಮಾ, ಕುಸ್ತಿ ಅಂದ್ರೆ ಮೈಗೆ ಮೈ ಉಜ್ಜೋ ಆಟ. ಇನ್ನೊಬ್ಬರ ಮನೆ ಮಗೂಗೆ ಹರಡುತ್ತೆ. ಈ ಸಲ ಬಿಡಿ. ಚಿಕ್ಕ ಹುಡುಗಿ, ಇನ್ನೂ ಎಷ್ಟೋ ಪಂದ್ಯ ಆಡ್ತಾಳೆ."

ಶಾಂತಿ ತಲೆಯಾಡಿಸಿದಳು. ದಾರಿಯಲ್ಲಿ ಮಾತ್ರೆಯನ್ನೂ ಕೊಂಡಳು. ಆದರೆ ನಂಜುಂಡಪ್ಪ ಮೇಷ್ಟ್ರು ಎದುರಾಗಿ "ಯಾಕಮ್ಮ ಆಸ್ಪತ್ರೆ ಕಡೆಯಿಂದ?" ಎಂದು ಕೇಳಿದಾಗ, "ಏನಿಲ್ಲ ಸಾರ್, ಸೆಕೆ ಗುಳ್ಳೆ" ಎಂದುಬಿಟ್ಟಳು. ಪಕ್ಕದಲ್ಲಿದ್ದ ರಮ್ಯ ಅವ್ವನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಕಲೆಯನ್ನು ಮುಚ್ಚಿ ಆಡಿಸುವ ದಾರಿ ತೋರಿಸಿದವಳು ಶಾಂತಿಯ ತಂಗಿ ಕುಮಾರಿ. ಅವಳದ್ದು ಬ್ಯೂಟಿ ಪಾರ್ಲರು. "ಮದ್ವೆ ಎಣ್ಣಿನ ಮಖದ ಮೇಲಿನ ಬಂಗನ್ನೇ ಮುಚ್ಚೀವ್ನಿ ಕಣಕ್ಕ, ಇದ್ಯಾವ ದೊಡ್ಡದು?" ಎಂದು ಭಾನುವಾರ ಬೆಳಿಗ್ಗೆ ಬಂದು, ರಮ್ಯಳ ಕುತ್ತಿಗೆಗೂ ಭುಜಕ್ಕೂ ಮೈಬಣ್ಣದ ಕ್ರೀಮು ಬಳಿದು, ಮೇಲೆ ಪೌಡರು ತಟ್ಟಿದಳು. ಕಲೆ ಇದ್ದದ್ದು ಗೊತ್ತಿದ್ದ ಶಾಂತಿಗೂ ಹುಡುಕಿದರೂ ಕಾಣದಂತಾಯಿತು.

"ಅವ್ವ, ಬೆವ್ರು ಬಂದ್ರೆ?" ಎಂದಳು ರಮ್ಯ.

"ಬೆವ್ರು ಬರೋದ್ರೊಳಗೆ ಚಿತ್ ಮಾಡ್ಬುಡು" ಎಂದು ಕುಮಾರಿ ನಕ್ಕಳು. ರಮ್ಯ ನಗಲಿಲ್ಲ.

ಚಾಮರಾಜನಗರದ ಕ್ರೀಡಾಂಗಣದಲ್ಲಿ ತೂಕ ನೋಡುವ ಕೋಣೆಯ ಮುಂದೆ ಸಾಲು ಉದ್ದವಿತ್ತು. ತಪಾಸಣೆಗೆ ಕೂತಿದ್ದ ಹೆಂಗಸು ಉಗುರು, ಕೂದಲು, ಕೈಕಾಲು ನೋಡಿ, ಕುತ್ತಿಗೆಯ ಮೇಲೊಮ್ಮೆ ಕಣ್ಣಾಡಿಸಿ "ಮುಂದೆ ಹೋಗಮ್ಮ" ಎಂದಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಶಾಂತಿ ಅಲ್ಲಿಂದ ಸರಿದು ಆಟ ನೋಡುವವರ ಮೆಟ್ಟಿಲುಗಳ ಕಡೆ ಹೊರಟಳು.

ಮೆಟ್ಟಿಲ ಮೇಲೆ ಜಾಗ ಹುಡುಕುವಾಗ ಒಬ್ಬ ಅಜ್ಜಿ ಚೀಲ ಸರಿಸಿ, "ಬಾ ಕಣವ್ವ, ಇಲ್ಲೇ ಕೂತ್ಕೊ" ಎಂದಳು. ಹೆಸರು ಚಿಕ್ಕನಿಂಗಮ್ಮ, ಉಮ್ಮತ್ತೂರಿನವಳು. ಮೊಮ್ಮಗಳು ಅನುವನ್ನು ಕರೆದುಕೊಂಡು ಮೊದಲ ಬಸ್ಸಿಗೇ ಬಂದಿದ್ದಳು. ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ಶಾಂತಿಯ ಕೈಗಿಟ್ಟಳು. ಇಬ್ಬರೂ ಮಾತಿಗಿಳಿದರು. ಅನುವಿನ ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವುದರಿಂದ ಹುಡುಗಿಯನ್ನು ಆಟಕ್ಕೆ ತಿರುಗಾಡಿಸುವ ಕೆಲಸ ಅಜ್ಜಿಯದೇ ಆಗಿತ್ತು.

"ನಿಮ್ಮುಡ್ಗಿನೂ ಬ್ಯಾಸ್ಗೆ ಕ್ಯಾಂಪಿಗೆ ಬಂದಿದ್ಲಾ?" ಎಂದು ಅಜ್ಜಿ ಕೇಳಿದಳು.

"ಊ ಕಣಜ್ಜಿ."

"ಅಲ್ಲಿಂದ ಬರ್ವಾಗ ನಮ್ ಅನು ತೊಡೆ ಮ್ಯಾಲೆ ಹುಳುಕಡ್ಡಿ ಅಂಟುಸ್ಕಂಡು ಬಂದ್ಲು. ನಮ್ಗೇನು ಗೊತ್ತಾದದು? ಮನೇಲಿ ತೊಟ್ಲ ಕೂಸು ಅದೆ, ಇವ್ಳ ತಂಗಿ. ಇವ್ಳ ಮಗ್ಗುಲಾಗೇ ಮನಿಕತ್ತಿತ್ತು. ಅದ್ರ ತಲೆಗೆ ಅಂಟ್ಕತ್ತು. ಕೂದ್ಲೆಲ್ಲ ಬಿಲ್ಲೆ ಬಿಲ್ಲೆಯಾಗಿ ಉದ್ರೋಯ್ತು. ಕಡ್ತಕ್ಕೆ ಕೂಸು ಅತ್ತು ಅತ್ತು ಹಾಲೇ ಕುಡೀತಿರ್ನಿಲ್ಲ. ಇನ್ನೂವೆ ಔಸ್ದಿ ನಡೀತಾನೆ ಅದೆ. ವಾಸಿ ಆಗೋವರ್ಗೂ ಇವ್ಳನ್ನ ಆಟಕ್ಕೆ ಕಳಿಸ್ನಿಲ್ಲ ನಾನು."

ಅರ್ಧ ತಿಂದ ರೊಟ್ಟಿ ಶಾಂತಿಯ ಕೈಯಲ್ಲೇ ಉಳಿಯಿತು. "ಯಾರಿಂದ ಬಂತು ಅಂತ ಗೊತ್ತಾಗ್ನಿಲ್ವಾ?" ಎಂದು ಕೇಳಿದಳು.

"ಎಲ್ಲಿ ಗೊತ್ತಾಯ್ತದೆ? ಯಾರ್ ಕೂಸೋ ಏನೋ. ಅವ್ರಿಗೂ ಗೊತ್ತಿರಾಕಿಲ್ಲ ಬುಡವ್ವ. ಗೊತ್ತಿದ್ರೆ ಯಾವ್ ತಾಯಿ ತಾನೇ ಕಳಿಸಾಳು?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅಜ್ಜಿ ನಿಜವಾಗಿಯೂ ಹಾಗೇ ನಂಬಿದ್ದಳು. ತಾನು ಶಪಿಸಿದ್ದ ಆ ಕಾಣದ ತಾಯಿ ಶಾಂತಿಗೆ ನೆನಪಾದಳು. ಬಹುಶಃ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆದರೆ ತನಗೆ? ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದ್ದರು.

ಅಷ್ಟರಲ್ಲಿ ಮೈಕಿನಲ್ಲಿ ಮುಂದಿನ ಜೋಡಿಯನ್ನು ಕರೆದರು. ಕೆಂಪು ಉಡುಪಿನಲ್ಲಿ ಗುಂಡ್ಲುಪೇಟೆಯ ರಮ್ಯ, ನೀಲಿ ಉಡುಪಿನಲ್ಲಿ ಉಮ್ಮತ್ತೂರಿನ ಅನು. "ಅಯ್ಯೋ, ನಮ್ಮ್ ನಮ್ಮೋರ್ಗೇ ಬಿತ್ತಲ್ಲ!" ಎಂದು ಅಜ್ಜಿ ನಕ್ಕು ಶಾಂತಿಯ ಮಂಡಿ ತಟ್ಟಿದಳು.

ಶಾಂತಿ ಎದ್ದಳು. ಮೆಟ್ಟಿಲು ಇಳಿಯುವಾಗ ಏನು ಹೇಳಬೇಕೆಂದು ಅವಳಿಗೇ ತಿಳಿದಿರಲಿಲ್ಲ. ಮ್ಯಾಟಿನ ಅಂಚಿನಲ್ಲಿ ರಮ್ಯ ಮೈ ಬಿಸಿ ಮಾಡಿಕೊಳ್ಳಲು ಜಿಗಿಯುತ್ತಿದ್ದಳು. ಬೆವರು ಇಳಿದು ಕುತ್ತಿಗೆಯ ಮೇಲಿನ ಕ್ರೀಮು ಗೆರೆಗೆರೆಯಾಗಿತ್ತು.

"ಏನಮ್ಮ, ಇಲ್ಲಿಗ್ಯಾಕೆ ಬಂದ್ರಿ? ಮೇಲೆ ಹೋಗಿ" ಎಂದರು ನಂಜುಂಡಪ್ಪ ಮೇಷ್ಟ್ರು.

ಶಾಂತಿ ಸೆರಗಿನ ತುದಿಯಿಂದ ಮಗಳ ಕುತ್ತಿಗೆ ಒರೆಸಿದಳು, ಆಮೇಲೆ ಭುಜ ಒರೆಸಿದಳು. ಕೆಂಪು ಬಳೆಯಂಥ ಕಲೆಗಳು ಎದ್ದು ಕಂಡವು.

"ಸೆಕೆ ಗುಳ್ಳೆ ಅಲ್ಲ ಸಾರ್. ಹುಳುಕಡ್ಡಿ. ಆಡಿಸ್ಬ್ಯಾಡಿ ಅಂತ ಡಾಕ್ಟ್ರಮ್ಮ ಏಳಿದ್ರು. ನಾನೇ ಮುಚ್ಚಿಟ್ಟೆ."

ಮೇಷ್ಟ್ರ ಮುಖ ಕೆಂಪಾಯಿತು. "ಈಗ ಹೇಳ್ತೀರಲ್ಲಮ್ಮ! ನನ್ನ ಶೆಡ್ಡಲ್ಲಿ ಹದಿನೈದು ಮಕ್ಕಳಿದ್ದಾರೆ. ದಿನಾ ಇವಳ ಜೊತೆ ಹೊರಳಾಡ್ತಾರೆ" ಎಂದು ಹಲ್ಲು ಕಚ್ಚಿ ಹೇಳಿ, ತೀರ್ಪುಗಾರರ ಮೇಜಿನ ಕಡೆ ನಡೆದರು. ಸ್ವಲ್ಪ ಹೊತ್ತಿನಲ್ಲೇ ರಮ್ಯ ಆಡುತ್ತಿಲ್ಲವೆಂದೂ ಅನು ಮುಂದಿನ ಸುತ್ತಿಗೆ ಹೋಗುತ್ತಾಳೆಂದೂ ಮೈಕಿನಲ್ಲಿ ಹೇಳಿದರು.

ರಮ್ಯ ಜಾಕೆಟ್ಟು ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಶಾಂತಿ ಪಕ್ಕದಲ್ಲಿ ಕೂತಾಗಲೂ ತಿರುಗದೆ, "ಮೊದ್ಲು ಕಂಡಾವತ್ತೇ ಡಾಕ್ಟ್ರಮ್ಮಂಗೆ ತೋರ್ಸಿದ್ರೆ ಇಷ್ಟೊತ್ಗೆ ವಾಸಿಯಾಗಿರೋದು. ಆಡ್ಬೋದಿತ್ತು" ಎಂದಳು.

"ಊ ಕಣವ್ವ" ಎಂದಳು ಶಾಂತಿ.

ಚಿಕ್ಕನಿಂಗಮ್ಮನಿಗೂ ತಾನೇ ಹೇಳಬೇಕೆನಿಸಿ ಮೇಲೆ ಹೋದಳು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. "ಪಕ್ದಲ್ಲೇ ಕೂತು ರೊಟ್ಟಿ ತಿಂದ್ಯಲ್ಲವ್ವ" ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡು ಇನ್ನೊಂದು ಕಡೆ ಹೋಗಿ ಕೂತಳು. ಶಾಂತಿಗೆ ಬೈಗುಳಕ್ಕಿಂತ ಅದು ಹೆಚ್ಚಾಗಿ ತಾಕಿತು.

ಬಸ್ಸಿನಲ್ಲಿ ಕುಮಾರಿಯ ಫೋನು ಬಂತು. "ಏನಕ್ಕ, ಕಾಣಿಸ್ನಿಲ್ಲ ತಾನೆ?"

"ನಾನೇ ಕಾಣಂಗೆ ಮಾಡ್ದೆ" ಎಂದು ಶಾಂತಿ ಫೋನಿಟ್ಟಳು. ರಮ್ಯ ಕಿಟಕಿಯಿಂದ ಮುಖ ತಿರುಗಿಸದೆಯೇ ಅವ್ವನ ತೋಳಿಗೆ ಒರಗಿಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರು ಮಕ್ಕಳ ಮನೆಯವರನ್ನೆಲ್ಲ ಶೆಡ್ಡಿಗೆ ಕರೆಸಿದರು. ಜನ ಬರುವ ಮೊದಲೇ ಶಾಂತಿ ಅಲ್ಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟಿನಲ್ಲಿ ಬ್ಲೀಚಿಂಗ್ ನೀರು ಕಲಸಿ ಮ್ಯಾಟನ್ನು ಉಜ್ಜುತ್ತಿದ್ದಳು. ಮೇಷ್ಟ್ರು ಬೇಡವೆನ್ನಲಿಲ್ಲ, ತಾವೂ ಒಂದು ಬಟ್ಟೆ ಹಿಡಿದರು.

ವಿಷಯ ಕೇಳಿದ್ದೇ ಚಿಕ್ಕಮಲ್ಲಪ್ಪ ಎಲ್ಲರಿಗಿಂತ ಜೋರಾಗಿ ಕೂಗಾಡಿದ. ಅವನ ಮಗಳೂ ಮಗನೂ ಇಬ್ಬರೂ ಅಲ್ಲಿಯೇ ಕಲಿಯುತ್ತಿದ್ದರು. "ಎಲ್ಡು ತಿಂಗ್ಳು ಮುಚ್ಚಿಟ್ಕಂಡು ನಮ್ಮೈಕ್ಳ ಮೇಲೆ ಬುಟ್ಟಿದ್ದೀಯಲ್ಲಮ್ಮ! ನಿಂಗೇನಾರ ಮನುಷ್ಯತ್ವ ಅದಾ?"

ಶಾಂತಿ ಎದ್ದು ನಿಂತಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನಂದೇ ತಪ್ಪು ಅಣ್ಣ. ಜನ ಆಡ್ಕತ್ತರೆ ಅಂತ ಎದ್ರುಕಂಡೆ. ಮೆಡಿಕಲ್ನೋರು ಕೊಟ್ಟ ಟ್ಯೂಬ್ ಅಚ್ದೆ, ಅದು ಇನ್ನೂ ಜಾಸ್ತಿ ಮಾಡ್ತು. ನಿಮ್ಮೈಕ್ಳ ಮೈ ಒಂದ್ಸಲ ನೋಡಿ. ಇದ್ರೆ ಆ ಟ್ಯೂಬ್ ಮಾತ್ರ ಅಚ್ಬ್ಯಾಡಿ, ಡಾಕ್ಟ್ರಮ್ಮನ್ನ ಕಾಣಿ. ಟವೆಲ್ಲು ಒಬ್ರದ್ದು ಇನ್ನೊಬ್ರು ಮುಟ್ಟೋದು ಬ್ಯಾಡ."

ಬಾಗಿಲ ಬಳಿ ನಿಂತಿದ್ದ ಒಬ್ಬ ಹೆಂಗಸು ತನ್ನ ಮಗಳನ್ನು ಮುಂದಕ್ಕೆ ಕರೆದು, ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದಳು. "ಇದೂ ಅದೇನಾ ನೋಡಕ್ಕ. ಯಾರ್ಗೂ ಏಳಿರ್ನಿಲ್ಲ ನಾವು" ಎಂದು ಮೆಲ್ಲಗೆ ಹೇಳಿದಳು. ಅವಳನ್ನು ನೋಡಿ ಇನ್ನೊಬ್ಬಳು ಮಗಳ ಜಡೆ ಎತ್ತಿದಳು.

ಚಿಕ್ಕಮಲ್ಲಪ್ಪ ಅದನ್ನೆಲ್ಲ ನೋಡುತ್ತ ನಿಂತಿದ್ದ. ಆಮೇಲೆ ತನ್ನ ಮಗನ ಕಡೆ ನೋಡಿದ. ಹುಡುಗ ನೆಲ ನೋಡುತ್ತ ತನ್ನ ಪ್ಯಾಂಟಿನ ಅಂಚನ್ನು ಕೆಳಕ್ಕೆ ಎಳೆದುಕೊಳ್ಳುತ್ತಿದ್ದ. ಅಪ್ಪ ಬಗ್ಗಿ ಆ ಅಂಚನ್ನು ಸ್ವಲ್ಪ ಎತ್ತಿ ನೋಡಿ, ಮತ್ತೆ ಇಳಿಸಿದ. ಅವನ ದನಿ ಈಗ ಬೇರೆಯಾಗಿತ್ತು.

"ಡಾಕ್ಟ್ರಮ್ಮ ಎಷ್ಟೊತ್ಗೆ ಸಿಕ್ತಾರಮ್ಮ?"

"ಒಂಬತ್ತೂವರೆಗೆ ಬತ್ತಾರೆ" ಎಂದಳು ಶಾಂತಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ನಾನೂ ರಮ್ಯನ್ನ ಕರ್ಕಂಡು ಅಲ್ಗೇ ಓಯ್ತಾ ಇವ್ನಿ. ಬನ್ನಿ, ಎಲ್ರೂ ಜೊತೇಲೇ ಓಗನ."