ನಾಚಿಕೆಯ ಮೀನಿನ ಊಟ

ಟಕ್ ಎಂದು ಗಾಜಿಗೆ ಗಾಜು ತಾಗಿದ ಸದ್ದು. ನಿದ್ದೆಯಲ್ಲಿದ್ದವರಿಗೆ ಕೇಳುವಂಥದ್ದಲ್ಲ. ಆದರೆ ಹಾರಿಸ್‌ಗೆ ಆ ರಾತ್ರಿ ನಿದ್ದೆ ಹತ್ತಿರಲಿಲ್ಲ. ಹಾಲ್‌ನಲ್ಲಿದ್ದ ಅಕ್ವೇರಿಯಂನ ಮುಚ್ಚಳವನ್ನು ಯಾರೋ ಬಹಳ ಜಾಗ್ರತೆಯಿಂದ ಸರಿಸುತ್ತಿದ್ದಾರೆ ಎಂದು ಮಲಗಿದಲ್ಲೇ ಗೊತ್ತಾಯಿತು.

ನಿದ್ದೆ ಬಾರದ್ದಕ್ಕೂ ಆ ತೊಟ್ಟಿಯೇ ಕಾರಣ. ಸಮುದ್ರದ ನಾಲ್ಕು ಪುಟ್ಟ ಮೀನುಗಳಿದ್ದ ಉಪ್ಪುನೀರು ಹಾಲು ಬೆರೆಸಿದಂತೆ ಮಂಕಾಗಿತ್ತು. ಅವನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುವವನು. ಪರೀಕ್ಷೆ ಮಾಡಿ ನೋಡಿದರೆ ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ ಏರುತ್ತಿತ್ತು. ಎಲ್ಲಿಂದ? ಅವನು ಹಾಕುತ್ತಿದ್ದುದು ದಿನಕ್ಕೊಂದು ಚಿಟಿಕೆ ಆಹಾರ, ಅಷ್ಟೆ.

ಮದುವೆಯಾದಂದಿನಿಂದ ಹಾರಿಸ್ ಬಂಟ್ವಾಳದಲ್ಲಿ ಹೆಂಡತಿ ಶಹನಾಝ್‌ಳ ಮನೆಯಲ್ಲೇ ಇದ್ದ. ಅವರ ಕಡೆ ಹೊಸ ಅಳಿಯ ಎಂದರೆ ತಟ್ಟೆ ಖಾಲಿಯಾಗಲು ಬಿಡುವುದುಂಟೇ? ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಬಡಿಸುತ್ತಾರೆ. ಅತ್ತೆ ನಫೀಸಮ್ಮ ಮಾತ್ರ ಪಾತ್ರೆಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ಇನ್ನೊಂದು ಅಕ್ಕಿ ಪತ್ತಿರಿ ಹಾಕಿಕೋ ಎಂದು ಒಮ್ಮೆಯೂ ಅಂದವರಲ್ಲ. ತಾನು ಅವರಿಗೆ ಹಿಡಿಸಲಿಲ್ಲವೇನೋ ಎಂದು ಹಾರಿಸ್ ಕುಗ್ಗಿದ್ದ. ಮೊದಲೇ ಮಾತು ಕಡಿಮೆ. ಆಮೇಲಂತೂ ಅವರನ್ನು ಏನೆಂದು ಕರೆಯುವುದೆಂದೇ ತೋಚದೆ ಸುಮ್ಮನಾದ.

ಕಾರಣ ಹೇಳಿದ್ದು ಶಹನಾಝ್. ಅವಳ ಉಪ್ಪ, ನಫೀಸಮ್ಮನ ಗಂಡ ಉಮ್ಮರ್, ಸಕ್ಕರೆ ಕಾಯಿಲೆ ಜೋರಾಗಿ ತೀರಿಕೊಂಡಾಗ, ಉಪ್ಪನ ತಂಗಿ ಜುಲೈಕಾ ತುಂಬಿದ ಮನೆಯಲ್ಲಿ ಅತ್ತಿಗೆಯ ಮುಖಕ್ಕೇ ಹೇಳಿದ್ದಳಂತೆ: "ತಿನ್ನಿಸಿ ತಿನ್ನಿಸಿಯೇ ನನ್ನ ಅಣ್ಣನನ್ನು ಕಳಿಸಿದೆ ನೀನು." ಅಂದಿನಿಂದ ನಫೀಸಮ್ಮ ಯಾರಿಗೂ ಒತ್ತಾಯ ಮಾಡಿ ಬಡಿಸಿದ್ದಿಲ್ಲ.

ಮೀನು ತರುವ ದಿನ ಶಹನಾಝ್ ಹಟ ಹಿಡಿದು ತನ್ನ ಉಮ್ಮ ನಫೀಸಮ್ಮನನ್ನೂ ಹೊರಡಿಸಿದ್ದಳು. ಮೂಡುಬಿದಿರೆಯಲ್ಲಿ ನೋಣಯ್ಯನ ಅಕ್ವೇರಿಯಂ ಅಂಗಡಿಗೆ ಕಾಲಿಟ್ಟದ್ದೇ ನಫೀಸಮ್ಮನ ಕಣ್ಣು ಮಿರಮಿರ ಮಿಂಚುವ ಒಂದು ನೀಲಿ ಮೀನಿನ ಮೇಲೆ ಬಿತ್ತು.

"ಅದು ಬೇಡ ಅಮ್ಮ," ಎಂದ ನೋಣಯ್ಯ. "ನೋಡ್ಲಿಕ್ಕೆ ಚಂದ. ಒಂದು ಕಲ್ಲಿನ ಅಡಿ ಹಿಡಿದ್ರೆ ಮತ್ತೆ ತೊಟ್ಟಿ ಪೂರಾ ಅವನ ವರ್ಗದ ಜಾಗ, ಪಟ್ಟಾ ಮಾಡಿಸಿದ ಹಾಗೆ. ಉಳಿದವರಿಗೆ ಸುಖ ಇಲ್ಲ."

"ನಮ್ಮ ಬೇಲಿಯಾಚೆಯೂ ಒಬ್ಬ ಉಂಟು ಹಾಗೆ. ಕೋಳಿ ಅತ್ತ ಮುಖ ಮಾಡಿದ್ರೆ ಸಾಕು, ಸರ್ವೆಯವನನ್ನು ಕರೀತಾನೆ," ಎಂದರು ನಫೀಸಮ್ಮ.

ಶಹನಾಝ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಫೀಸಮ್ಮ ಮಾತ್ರ ಹೆಣ್ಣು ಕೊಡುವ ಮನೆಯ ಬಗ್ಗೆ ವಿಚಾರಿಸುವವರಂತೆ ಒಂದೊಂದು ತೊಟ್ಟಿಯ ಎದುರೂ ನಿಂತರು. "ಈ ಬಿಳಿ ಪಟ್ಟಿಯ ಜೋಡಿ ಹೇಗೆ? ಜಗಳ ಉಂಟಾ?"

"ಕ್ಲೌನ್ ಮೀನು. ಪಾಪದ್ದು. ಗಂಡ ಹೆಂಡ್ತಿ ಒಂದು ಮೂಲೆಯಲ್ಲಿ ಇರ್ತವೆ. ಕಾರುಬಾರು ಮಾತ್ರ ಹೆಂಡ್ತಿಯದ್ದೇ."

"ಹಾಗಾದ್ರೆ ಒಳ್ಳೇ ಸಂಸಾರ," ಎಂದಳು ಶಹನಾಝ್.

ಆ ಜೋಡಿಗೆ ಹೊಂದುವಂತೆ ಮರಳಿನ ಮೇಲೆ ಕೂರುವ ಸಣ್ಣ ಗೋಬಿ ಮೀನೊಂದನ್ನು ಹಾರಿಸ್ ಆರಿಸಿದ. ಕೊನೆಯ ತೊಟ್ಟಿಯ ಕಲ್ಲಿನ ಹಿಂದೆ ಏನೋ ಅಲುಗಿತು. ಕಿರುಬೆರಳಿನಷ್ಟು ಮೀನು; ಮುಂದೆ ಬಿಳಿ, ಬಾಲದ ಕಡೆ ಕೆಂಡದ ಬಣ್ಣ.

"ಫೈರ್‌ಫಿಶ್. ಹೆಸರಿನಲ್ಲಿ ಮಾತ್ರ ಬೆಂಕಿ," ಎಂದ ನೋಣಯ್ಯ. "ನಮ್ಮ ನೆರಳು ಬಿದ್ರೂ ಅಡಗ್ತದೆ. ಮುಚ್ಚಳ ಸರಿ ಇರ್ಬೇಕು ಸಾರ್, ಹೆದರಿದ್ರೆ ಹೊರಗೆ ಹಾರುವ ಜಾತಿ."

ನಫೀಸಮ್ಮ ಮೀನನ್ನು ನೋಡಿದರು, ಅಳಿಯನನ್ನು ನೋಡಿದರು. "ಇದು ಇರಲಿ. ಇದಕ್ಕೂ ಮಾತಿಲ್ಲ."

ಅವರು ಅವನನ್ನು ತಮಾಷೆ ಮಾಡಿದ್ದು ಅದೇ ಮೊದಲು. ಮರಳುವಾಗ ಸಿದ್ಧಕಟ್ಟೆಯ ದಾರಿಯಲ್ಲಿ ಬಸ್ಸು ಕುಲುಕಿದಾಗಲೆಲ್ಲ ಅವರು ಮಡಿಲಲ್ಲಿದ್ದ ಮೀನಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದುದನ್ನು ಅವನು ಮನೆ ಮುಟ್ಟುವವರೆಗೂ ನೋಡಿದ್ದ.

ಆದರೆ ಆ ಮೀನು ಹಗಲು ಹೊರಗೆ ಬರಲೇ ಇಲ್ಲ. "ಅದು ತಿಂದಿತಾ?" ಎಂದು ನಫೀಸಮ್ಮ ದಿನಾ ಮಗಳಲ್ಲಿ ಕೇಳುತ್ತಿದ್ದರು.

ಈಗ ಹಾರಿಸ್ ಕೋಣೆಯ ಪರದೆಯ ಬಳಿ ನಿಂತು ನೋಡಿದ. ನಫೀಸಮ್ಮ ಒಂದು ಬಟ್ಟಲು ಹಿಡಿದು ತೊಟ್ಟಿಯ ಮೇಲೆ ಬಾಗಿದ್ದರು. ಬಟ್ಟಲಿನಲ್ಲಿ ಅರೆದ ಸಿಗಡಿ. ಬೆರಳಲ್ಲಿ ತೆಗೆದು ತೆಗೆದು ನೀರಿಗೆ ಬಿಡುತ್ತಿದ್ದರು.

"ತಿನ್ನು ಮೋನೇ," ಎಂದು ಮಗುವಿಗೆ ಹೇಳುವ ಹಾಗೆ ಪಿಸುಗುಟ್ಟಿದರು. "ಇನ್ನು ಸ್ವಲ್ಪ. ಹೊಸ ಮನೆ ಅಂತ ನಾಚಿಕೆ ಮಾಡ್ಬೇಡ. ಹೊಟ್ಟೆಗೆ ಕಡಿಮೆ ಮಾಡ್ಬಾರದು."

ಅಮೋನಿಯಾ ಎಲ್ಲಿಂದ ಎಂದು ಅವನಿಗೆ ತಿಳಿಯಿತು. ತಿಂದುಳಿದ ಸಿಗಡಿ ಕಲ್ಲುಗಳ ಸಂದಿಯಲ್ಲಿ ಕೊಳೆಯುತ್ತಿತ್ತು. ಮುಂದೆ ಹೋಗಿ ಕೈ ಹಿಡಿಯಬೇಕಿತ್ತು. ಆದರೆ ಮೀನುಗಳು ಅತಿಯಾಗಿ ತಿನ್ನಿಸಿದ್ದರಿಂದಲೇ ಸಾಯುತ್ತಿವೆ ಎಂದು ಹೇಳಿದರೆ, ಆ ಮಾತು ಅವರಿಗೆ ಯಾರ ದನಿಯಲ್ಲಿ ಕೇಳಿಸಬಹುದು? ಆಮೇಲೆ ಅವರು ಈ ತೊಟ್ಟಿಯ ಹತ್ತಿರವೂ ಬರುವುದಿಲ್ಲ. ಮೀನು ಸತ್ತರಂತೂ ಹೇಳಬೇಕಾಗಿಯೇ ಇಲ್ಲ, ತಮ್ಮ ಕೈಯಿಂದಲೇ ಸತ್ತಿತೆಂದು ತಾವಾಗಿಯೇ ತಿಳಿದುಕೊಳ್ಳುತ್ತಾರೆ.

ಅವರು ಮುಚ್ಚಳ ಮುಚ್ಚಿ ಒಳಗೆ ಹೋಗಿ ಮಲಗುವವರೆಗೂ ಕಾದ. ಆಮೇಲೆ ಮೊಬೈಲಿನ ಟಾರ್ಚ್ ಹಿಡಿದು ತೊಟ್ಟಿಯೊಳಗೆ ನೋಡಿದ. ಯಾವತ್ತೂ ಹೊರಬಾರದ ಕೆಂಪು ಬಾಲದ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಸಣ್ಣ ಬಲೆಯಿಂದ ತೇಲುವ ಸಿಗಡಿಯನ್ನು ಎತ್ತಿದ. ಪೈಪಿನಿಂದ ಕಲ್ಲುಗಳ ಸಂದಿಯ ಕೊಳೆಯನ್ನು ಬಕೆಟ್ಟಿಗೆ ಎಳೆದ. ಉಪ್ಪು ಬೆರೆಸಿಟ್ಟ ನೀರು ಹಿಂದಿನ ಜಗಲಿಯ ಡ್ರಮ್ಮಿನಲ್ಲಿತ್ತು; ಅದನ್ನು ಚೆಂಬು ಚೆಂಬಾಗಿ ತಂದು ಸದ್ದಾಗದಂತೆ ಸುರಿದ. ಮೈಯೆಲ್ಲ ಒದ್ದೆ. ಮಸೀದಿಯಿಂದ ನಸುಕಿನ ಸುಬ್ಹಿ ಬಾಂಗ್ ಕೇಳುವ ಹೊತ್ತಿಗೆ ಮೀನು ಕೆಳಗಿಳಿದು ಕಲ್ಲಿನಡಿ ಸೇರಿತ್ತು. ಬದುಕಲಿಕ್ಕೋ ಸಾಯಲಿಕ್ಕೋ, ಗೊತ್ತಾಗಲಿಲ್ಲ.

"ಇದೆಂಥ ನೀರು?" ನಮಾಜು ಮುಗಿಸಿ ಬಂದ ನಫೀಸಮ್ಮ ಒದ್ದೆ ನೆಲ ಕಂಡು ನಿಂತರು.

"ತೊಟ್ಟಿಗೆ ಹೊಸ ನೀರು ಹಾಕಿದೆ. ಆಗಾಗ ಹಾಕ್ಬೇಕಾಗ್ತದೆ."

ಅವರು ಗಾಜಿಗೆ ಮುಖ ತಂದರು. ಜೋಡಿ ಕಂಡಿತು, ಗೋಬಿ ಕಂಡಿತು. ಇನ್ನೊಂದು ಕಾಣದೆ ಅವರ ಮುಖ ಬಾಡುತ್ತ ಬಂತು. ಆಗ ಕಲ್ಲಿನಡಿಯಿಂದ ಬಿಳಿಯ ಮೂತಿಯೊಂದು ಇಣುಕಿ, ಅತ್ತಿತ್ತ ನೋಡಿ, ಮೆಲ್ಲನೆ ಹೊರಗೆ ತೇಲಿತು.

"ಬಂತು, ಬಂತು!" ನಫೀಸಮ್ಮ ಅವನ ತೋಳನ್ನೇ ಹಿಡಿದುಬಿಟ್ಟರು.

"ಇನ್ನು ಇವಕ್ಕೆ ನೀವೇ ಹಾಕ್ಬೇಕು ಉಮ್ಮ," ಎಂದ. ಉಮ್ಮ ಎಂಬ ಮಾತು ತಾನಾಗಿಯೇ ಬಂದಿತ್ತು.

ಅವರು ಕೈ ಹಿಂದಕ್ಕೆ ತೆಗೆದರು. "ನಾನು ಬೇಡ. ನನ್ನ ಕೈಯ ವಿಷಯ ನಿನಗೆ ಗೊತ್ತುಂಟಲ್ಲ."

"ಗೊತ್ತುಂಟು. ನನ್ನನ್ನು ಕಂಡ್ರೆ ಅದು ಅಡಗ್ತದೆ. ನಿಮ್ಮನ್ನು ಕಂಡು ಬಂತು, ನೋಡಿದಿರಲ್ಲ? ಇವತ್ತು ಬೇಡ, ನೀರು ಹೊಸತು. ಇನ್ನು ಬೆಳಿಗ್ಗೆ ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೆ ಹಾಕುವ. ಅದರ ಹೊಟ್ಟೆ ಅದರ ಕಣ್ಣಿನಷ್ಟೇ. ಇಷ್ಟು ಸಾಕು." ಬೆರಳ ತುದಿಯಲ್ಲಿ ಒಂದಿಷ್ಟು ಪುಡಿ ಹಿಡಿದು ತೋರಿಸಿದ.

"ಇಷ್ಟೇನಾ?"

"ಇಷ್ಟೇ."

ನಫೀಸಮ್ಮ ಆ ಬೆರಳನ್ನೇ ನೋಡುತ್ತ ನಿಂತರು. ಆಮೇಲೆ ಅವರ ಕಣ್ಣು ಅಡುಗೆಮನೆಯಲ್ಲಿದ್ದ ಸಿಗಡಿಯ ಬಟ್ಟಲಿನ ಕಡೆ ಹೋಯಿತು. ಹಾರಿಸ್ ಅದನ್ನು ಕಾಣದವನಂತೆ ಬಗ್ಗಿ ಪೈಪು ಸುತ್ತುವುದರಲ್ಲಿ ತೊಡಗಿದ.

"ಕಲಿಸಿ ಕೊಡು," ಎಂದರು ಅವರು.

ಕಾಲೇಜಿಗೆ ಹೊರಟು ಬೈಕ್ ತೆಗೆಯುವಾಗ ಶಹನಾಝ್ ಗೇಟಿನವರೆಗೂ ಬಂದಳು. "ರಾತ್ರಿಯಿಡೀ ನೀರಾಟ ಆಡಿದ್ರಲ್ಲ. ನೀರು ಹಾಳಾದದ್ದು ಎಂಥದಕ್ಕೆ, ಗೊತ್ತಾಯ್ತಾ?"

ಹೆಂಡತಿಗಾದರೂ ಹೇಳಬಹುದೆಂದು ಅವನು ಅಂದುಕೊಂಡಿದ್ದ. ತೆರೆದ ಬಾಗಿಲಿನಿಂದ ನಫೀಸಮ್ಮ ಮೀನಿನೊಡನೆ ಏನೋ ಮಾತಾಡುತ್ತಿರುವುದು ಕೇಳಿಸುತ್ತಿತ್ತು, ಈಗ ಪಿಸುಮಾತಲ್ಲ, ಗಟ್ಟಿಯಾಗಿಯೇ.

"ನನ್ನದೇ ಅಂದಾಜು ತಪ್ಪಿದ್ದು," ಎಂದ.

"ಕೆಮಿಸ್ಟ್ರಿ ಮಾಸ್ಟ್ರಿಗಾ? ಮಕ್ಕಳ ಹತ್ರ ಹೇಳ್ಬೇಡಿ ಮಾರಾಯ್ರೇ!"

"ಇಲ್ಲ," ಎಂದು ಹಾರಿಸ್ ನಕ್ಕ. ಮಕ್ಕಳಿಗಲ್ಲ, ಇವಳಿಗೂ ಅಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯಿಸಿ ಬೈಕನ್ನು ರಸ್ತೆಗಿಳಿಸಿದ.